ಹಳೇ ದೋಣಿಯೂ ನಮ್ಮ ಬೀಗರ ಗುಮಾನಿಯೂ

ನಿವೃತ್ತನಾದ ಮೇಲೆ ಮನುಷ್ಯ ಸುಮ್ಮನೆ ಮನೆಯಲ್ಲಿ ಕೂತರೂ ಇಂಥ ಉಸಾಬರಿಗಳು ಹುಡುಕಿಕೊಂಡು ಬರುತ್ತವೆ. ನಾನಂತೂ ಕೂಡುವವನೇ ಅಲ್ಲ. ಕೃಷ್ಣೆಯ ದಂಡೆಗೆ ಹಳೇ ಮೋಟಾರು ದೋಣಿಯೊಂದು ಮಾರಾಟಕ್ಕಿದೆ ಎಂದು ಸುರಪುರದ ಚಹಾದಂಗಡಿಯಲ್ಲಿ ಕೇಳಿದ್ದೇ ತಡ, ಬೋನಾಳ ಕೆರೆಯ ಹಕ್ಕಿಗಳನ್ನು ದಡದಿಂದಲೇ ನೋಡಿ ಸಾಕಾಗಿದ್ದ ನನಗೆ ನೀರ ಮೇಲೆ ತೇಲುವ ಹಳೇ ಆಸೆ ಎದ್ದು ಕೂತಿತು. ಮನೆಯಾಕೆ ಒಂದೇ ಷರತ್ತು ಹಾಕಿದಳು: "ಶಹಾಪುರದ ಬೀಗರು ನೋಡಿ ಹೂಂ ಅಂದ್ರ ತಗೋರಿ. ಇಲ್ಲಂದ್ರ ದೋಣಿ ಸುದ್ದಿ ಈ ಮನ್ಯಾಗ ಬ್ಯಾಡ."

ಬೀಗರೆಂದರೆ ನನ್ನ ಮಗಳ ಮಾವ. ಜೀವಮಾನವೆಲ್ಲ ಎತ್ತಿನ ವ್ಯಾಪಾರ. ನಮ್ಮ ಮನೆಯ ಪಾಯಸವನ್ನೂ ಮೂಸಿ ನೋಡಿಯೇ ಉಣ್ಣುವ ಆಸಾಮಿ.

ಬಿಸಿ ಮಷಿನು

"ಮಾರೋ ಮನಷ್ಯಾ ಏಳೋದ್ರೊಳಗ ಮಾಲು ನೋಡಬೇಕ್ರಿ" ಎಂದು ಬೀಗರು ನನ್ನನ್ನು ನಸುಕಿಗೇ ಎಳೆದೊಯ್ದರು. ದೋಣಿಯವನು ಮೀನಿನ ಗುತ್ತಿಗೆದಾರ; ನಮಗಿಂತ ಮೊದಲೇ ಹಾಜರಾಗಿದ್ದ. ದೋಣಿಯನ್ನು ದಂಡೆಯ ಮೇಲೆ ಎಳೆದಿಟ್ಟಿದ್ದ. ಬೀಗರು ಮಷಿನಿನ ಮೇಲೆ ಅಂಗೈ ಇಟ್ಟವರೇ ಚಟ್ಟನೆ ಎಳೆದುಕೊಂಡರು.

"ಇದ್ಯಾಕ ಬಿಸಿ ಅದ?"

"ನಮ್ಮ ಕಡಿ ಬಿಸಿಲು ಗೊತ್ತಿಲ್ಲೇನು ಕಾಕಾ?"

ಬೀಗರು ಮೂಡಣಕ್ಕೆ ನೋಡಿದರು. ಸೂರ್ಯ ಇನ್ನೂ ಹುಟ್ಟಿರಲಿಲ್ಲ.

"ಯಾವತ್ತಿನ ಬಿಸಿಲು? ನಿನ್ನಿದಾ?"

ಮುಕ್ಕು ಹಲ್ಲು

ತಣ್ಣಗಿದ್ದಾಗ ಚಾಲೂ ಆಗದ ಮಷಿನನ್ನು ಮೊದಲೇ ಕಾಯಿಸಿ ಇಡುವುದು ಮಾರುವವರ ಯುಕ್ತಿಯಂತೆ. ಅದು ಆರುವತನಕ ಚಹಾ ಕುಡಿದು, ಆಮೇಲೆ ಮಷಿನಿನ ಹಗ್ಗ ಜಗ್ಗಿಸಿದೆವು. ಒಂದೇ ಜಗ್ಗಿಗೆ ಚಾಲೂ ಆಯಿತು! ನಾನು ಹಿಗ್ಗಿದೆ. ಬೀಗರ ಮುಖ ಬಾಡಿತು. "ಇಷ್ಟು ಚಂದ ಇದ್ರ ಯಾಕ ಮಾರಾಕತ್ತಾನ?"

ನೀರು ತಳ್ಳುವ ಪಂಖಾದ ಒಂದು ರೆಕ್ಕೆ ಮುಕ್ಕಾಗಿತ್ತು. "ಹಲ್ಲು ಹೋಗ್ಯಾದ. ಮುದಿ ಎತ್ತು" ಎಂದರು. ದೋಣಿಯ ಹಿಂದಿನ ಮೂಲೆಯಲ್ಲಿ ಬಗ್ಗಿ, ಕೈಗೆ ಸಿಕ್ಕಿದ್ದನ್ನೆಲ್ಲ ತಿರುವಿ ನೋಡಿದರು. ಕೊನೆಗೆ ಹೊಸ ಬಣ್ಣವನ್ನು ಉಗುರಿನಿಂದ ಕೆರೆದರು.

"ಮುದಿ ಎತ್ತಿನ ಕೋಡಿಗೆ ಬಣ್ಣ ಬಳದು ಸಂತಿಗೆ ತರೋ ಆಟ ನನಗ ಗೊತ್ತಿಲ್ಲೇನು?"

"ನಿಮಗ ಹೆಂಗ ಗೊತ್ತು ಕಾಕಾ?"

"ಮತ್ತ ಇಷ್ಟು ದಿನ ನಾ ಏನು ಮಾಡೀನಿ?"

ಟವಲಿನ ಕೆಳಗೆ

ದೋಣಿ ನೀರಿಗೆ ತಳ್ಳಿ ಹತ್ತಿದೆವು. ಸರಾಗ ಓಡಿತು. ನಡುನೀರಲ್ಲಿ ಬೀಗರು ಮಷಿನು ನಿಲ್ಲಿಸಿ, ಎತ್ತಿನ ಸಂತೆಯ ರಿವಾಜಿನಂತೆ, ಹೆಗಲ ಟವಲ್ ಮುಚ್ಚಿ ಅದರಡಿ ದೋಣಿಯವನ ಕೈ ಹಿಡಿದರು. ಬೆಲೆಯೆಲ್ಲ ಬೆರಳಲ್ಲೇ. ಮೊದಲು ಕೈ ಬಿಟ್ಟವನು ಸೌದಾ ಮುರಿದಂತೆ.

ಅಷ್ಟರಲ್ಲಿ ನನ್ನ ಪಾದ ತಣ್ಣಗಾದವು. ನೋಡಿದರೆ ನೀರು!

"ಬೀಗ್ರ, ದೋಣ್ಯಾಗ ನೀರು ಬರಾಕತ್ತದ್ರಿ!"

"ಸುಮ್ನ ಕೂಡ್ರಿ. ನೀರು ಬಂದಷ್ಟೂ ಮನಷ್ಯಾ ಮೆತ್ತಗಾಗಾಕತ್ತಾನ."

"ಖುದಾ ಕಸಂ ಕಾಕಾ, ಇದು ಒಂದಿನಾನೂ ಸೋರಿಲ್ಲ!" ಎಂದ ದೋಣಿಯವನು. ಆದರೂ ಕೈ ಮಾತ್ರ ಬಿಡಲಿಲ್ಲ.

ಕಡೆಗೆ ನಾನೇ ಟವಲ್ ಕಿತ್ತೆಸೆದೆ. ಹೇಗೋ ದಂಡೆ ಮುಟ್ಟಿದೆವು. ಒದ್ದೆ ಧೋತರದಲ್ಲೇ ಬೀಗರು ತಂಬಾಕಿಗೆಂದು ಅಂಗಿಯ ಜೋಬಿಗೆ ಕೈ ಹಾಕಿದರು. ಚೀಲದ ಜೊತೆ ರಬ್ಬರ್ ಬಿರಡೆಯೊಂದು ಪುಟಿದು ಬಿತ್ತು.

"ಕಾಕಾ! ಇದು ದೋಣಿ ತಳದ ತೂತಿಂದು! ಒಳಗಿನ ನೀರು ಬಸಿಯಾಕ ಇಟ್ಟ ತೂತು! ಇದನ್ಯಾಕ ಕಿತ್ತೀರಿ?"

"ಏನೋ ಮುಚ್ಚಿಟ್ಟೀ ಅಂತ ಗುಮಾನಿ ಬಂತು, ಕಿತ್ತು ಇಟ್ಕೊಂಡೆ" ಎಂದರು ಬೀಗರು, ತಂಬಾಕು ತಿಕ್ಕುತ್ತಾ. "ಕೀಳದೇ ಇದ್ರ ತಳದಾಗ ತೂತದ ಅಂತ ನಮಗ ಗೊತ್ತೇ ಆಗ್ತಿರಲಿಲ್ಲ!"

ಆಮೇಲೆ ನನ್ನ ಕಡೆ ತಿರುಗಿ, ನಸುಕಿನಿಂದ ಮೊದಲ ಸಲ ನಕ್ಕರು: "ಹುಡುಕಾಕತ್ತಿದ್ದ ಮೋಸ ಸಿಕ್ಕಿತ್ರಿ. ಇನ್ನ ಹೆದರಿಕಿ ಇಲ್ಲ. ತಗೋರಿ."