ಮೂರು ಅಡಿಯ ಅವ್ವ

ನಮ್ಮ ಹೊಸಪೇಟೆ ಮನೆಯ ಗೋಡೆಯ ಮೇಲೆ ಅಪ್ಪ ಮಸುಕಾಗಿದ್ದಾನೆ. ಅವನು ತೀರಿಕೊಂಡಾಗ ಸಿಕ್ಕಿದ್ದು ಮತದಾರರ ಚೀಟಿಯ ಪುಟ್ಟ ಫೋಟೋ ಒಂದೇ. ಅದನ್ನೇ ಹಿಗ್ಗಿಸಿ ಫ್ರೇಮ್ ಹಾಕಿಸಿದೆವು. ಮೀಸೆ ಎಲ್ಲಿ ಮುಗಿದು ತುಟಿ ಎಲ್ಲಿ ಶುರುವಾಗುತ್ತದೆಂದು ಇವತ್ತಿಗೂ ತಿಳಿಯದು. ಅವ್ವನಿಗೆ ಹೀಗಾಗಕೂಡದು ಎಂದು ವಿಜ್ಞಾನ ಪದವೀಧರನಾದ ನಾನು ನಿರ್ಣಯಿಸಿದೆ.

ಲೆಕ್ಕ ಹಾಕಿದೆ. ಮೂರು ಅಡಿಗೆ ಎರಡು ಅಡಿ ಚಿತ್ರ, ಇಂಚಿಗೆ ಇನ್ನೂರು ಚುಕ್ಕಿ. ಸುಮಾರು ಮೂವತ್ತೈದು ಮೆಗಾಪಿಕ್ಸೆಲ್ ಬೇಕು. ಗೆಳೆಯನ ಬಳಿ ನಲವತ್ತೈದರ ಕ್ಯಾಮೆರಾವೇ ಇತ್ತು. ಇನ್ನೇನು ಬೇಕು!

“ದೊಡ್ಡ ಫೋಟೋ ಹೋದೋರಿಗೆ ಮಾಡಸ್ತಾರಲೇ. ನಿನಗ್ಯಾಕ ಇಷ್ಟು ಅವಸರ?” ಎಂದಳು ಅವ್ವ.

“ಇದಕ್ಕ ಹಾರ ಹಾಕಂಗಿಲ್ಲ, ಬಾ ಅವ್ವಾ.”

ಬುಕ್ಕಸಾಗರದ ಹತ್ತಿರ ಹೊಳೆಯಂಚಿನ ಬಂಡೆಯ ಮೇಲೆ ಅವಳನ್ನು ನಿಲ್ಲಿಸಿದೆ. ಹಸಿರು ಸೀರೆ, ಹೊಸ ಕನ್ನಡಕ. ಪರದೆಯಲ್ಲಿ ರೆಪ್ಪೆಗೂದಲು ಕೂಡ ಎಣಿಸಬಹುದಿತ್ತು. ಪಾದ ಮಾತ್ರ ಸೇರುತ್ತಿರಲಿಲ್ಲ. ನಾನೇ ಹಿಂದೆ ಸರಿಯಬಹುದಿತ್ತು. ಆದರೆ ನನ್ನ ಹಿಂದೆ ಜಾಲಿಮುಳ್ಳು!

“ಚೂರು ಹಿಂದಕ್ಕ ಸರಿ ಅವ್ವಾ. ಇನ್ನೊಂಚೂರು.”

ಸರಿದಳು. ಓದಿದ ಮಗ ಹೇಳುತ್ತಿದ್ದಾನಲ್ಲ! ಪರದೆಯಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಬಂಡೆ ಮುಗಿದದ್ದೊಂದು ನನಗೆ ಕಾಣಲಿಲ್ಲ.

“ಅತ್ತೀ!”

ಬದಿಯಲ್ಲಿ ನಿಂತಿದ್ದ ನನ್ನ ಹೆಂಡತಿ ಸವಿತಾ ಬ್ಯಾಗ್ ಎಸೆದು ಓಡಿ, ಅವ್ವನ ರಟ್ಟೆ ಹಿಡಿದು ಎಳೆದಳು. ಒಂದು ಚಪ್ಪಲಿ ತುಂಗಭದ್ರೆಯ ಪಾಲಾಯಿತು. ಅವ್ವ ಮುಗ್ಗರಿಸುತ್ತ ಬಂದು ನನ್ನ ಮೂಗಿನ ಮುಂದೆಯೇ ನಿಂತು ಬಾಯಿ ತೆರೆದಳು. ನನ್ನ ಬೆರಳು ಅಷ್ಟರಲ್ಲಿ ತನ್ನಷ್ಟಕ್ಕೆ ಬಟನ್ ಒತ್ತಿಬಿಟ್ಟಿತ್ತು.

“ಪಾದ ಬಂದ್ವೇನಲೇ ಮೂಳಾ?” ಎಂದಳು.

ಬಂದಿರಲಿಲ್ಲ.

ಉಳಿದ ಚಿತ್ರಗಳಲ್ಲಿ ಅವ್ವ ಸಾಕ್ಷಿ ಹೇಳಲು ನಿಂತವಳಂತೆ ಬಿಗಿದುಕೊಂಡಿದ್ದಳು. ಬೈಯಲು ಬಾಯಿ ತೆರೆದ ಈ ಕೊನೆಯದನ್ನೇ ಆರಿಸಿದಳು. “ಇದು ನನ್ನಂಗೈತಿ. ಇದನ್ನ ಹಾಕ್ಸು.”

ಹಾಕಿಸಿದೆ. ಮೂರು ಅಡಿಯ ಅವ್ವ ಅಪ್ಪನ ಪಕ್ಕದಲ್ಲಿ ಝಗ್ಗನೆ ಕಾಣುತ್ತಾಳೆ. ಮೊನ್ನೆ ಪಕ್ಕದ ಮನೆಯ ಶಾಂತಕ್ಕ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದರು.

“ಕನ್ನಡಕದಾಗ ಯಾರೋ ನಿಂತಾರಲ್ರಿ?”

“ನಮ್ಮನೆಯವ್ರು” ಎಂದಳು ಸವಿತಾ. “ಅತ್ತಿ ಬೀಳ್ತಿದ್ರಲ್ರಿ, ಆವಾಗ್ಲೂ ಕ್ಯಾಮೆರಾ ಬಿಟ್ಟಿಲ್ಲ ನೋಡ್ರಿ.”

ನಿಜ. ಎರಡೂ ಗಾಜಿನಲ್ಲಿ ನಾನಿದ್ದೇನೆ. ಒಂದು ಕೈ ಲೆನ್ಸ್ ಮೇಲೆ, ಇನ್ನೊಂದು ಬಟನ್ ಮೇಲೆ. ಚಿತ್ರದಂಚಿನಲ್ಲಿ ಅವ್ವನ ರಟ್ಟೆ ಹಿಡಿದಿರುವ ಕೈ ಸವಿತಾಳದು. ಆ ಚಿತ್ರದ ಮುಂದೆ ಈಗಲೂ ತಲೆ ತಗ್ಗಿಸಿಯೇ ಹಾದುಹೋಗುತ್ತೇನೆ. ಮತದಾರರ ಚೀಟಿಯ ಫೋಟೋ ಎಷ್ಟು ದಯಾಳು ಎಂದು ಈಗ ಅರ್ಥವಾಗಿದೆ.

ಮೂವತ್ತೈದು ಬೇಕಾಗಿರಲಿಲ್ಲ. ನನ್ನ ಮಟ್ಟಿಗೆ ಎರಡು ಮೆಗಾಪಿಕ್ಸೆಲ್ ಸಾಕಿತ್ತು!