ಬೋರ್ಡು ಹಸಿರಾದ ಮಧ್ಯಾಹ್ನ

ಹೈಪರ್‌ವೈಸರ್ ರಾತ್ರೋರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿ ಕುಳಿತದ್ದೇ ಕಂಪ್ಯೂಟರ್ ವಿಭಾಗದ ಸುಮಧ್ವನ ಗ್ರಹಚಾರಕ್ಕೆ ಕಾರಣ.

ರಾಯಚೂರಿನ ಆ ವಿದ್ಯಾಸಂಸ್ಥೆಗೆ ಇದ್ದದ್ದು ಒಂದೇ ದೊಡ್ಡ ಸರ್ವರ್. ಅದನ್ನು ಪಾಲು ಮಾಡಿ ರಾಯಚೂರು, ಮಾನ್ವಿ, ದೇವದುರ್ಗದ ಕಾಲೇಜುಗಳಿಗೆ ಒಂದೊಂದು ಕಂಪ್ಯೂಟರಿನಂತೆ ನಡೆಸುವುದು ಹೈಪರ್‌ವೈಸರಿನ ಕೆಲಸ. ಅದಕ್ಕೆ ಹುಕುಂ ಕೊಟ್ಟು, ಕ್ಷೇಮ ವಿಚಾರಿಸಿ, ಗೋಡೆಯ ಪರದೆಯೆಂಬ ಬೋರ್ಡಿನ ಮೇಲೆ ಹಸಿರೋ ಕೆಂಪೋ ಎಂದು ತೋರಿಸುವುದು ಮ್ಯಾನೇಜರ್ ಸಾಫ್ಟ್‌ವೇರಿನ ಕೆಲಸ. ಈಗ ಹೈಪರ್‌ವೈಸರ್, ಹೊಸ ರೀತಿಯಲ್ಲಿ ಕೇಳಿದರಷ್ಟೇ ಉತ್ತರ ಕೊಡುತ್ತೇನೆಂದು ಹಟ ಹಿಡಿದಿತ್ತು. ಮ್ಯಾನೇಜರ್ ಹಳೆಯ ರೀತಿಯಲ್ಲೇ ಕೇಳಿ, ಉತ್ತರ ಬಾರದೆ, ಮೂರೂ ಸತ್ತವೆಂದು ಬೋರ್ಡಿಗೆಲ್ಲ ಕೆಂಪು ಬಳಿದಿತ್ತು. ಅವೋ, ಒಳಗೆ ಗುಂಡುಕಲ್ಲಿನ ಹಾಗಿದ್ದವು. ಮೂರೂ ಊರಿನ ಹುಡುಗರು ಅವುಗಳ ಮೇಲೆಯೇ ಆನ್‌ಲೈನ್ ಪರೀಕ್ಷೆ ಬರೆಯುತ್ತಿದ್ದರು. ನಡುವೆ ನಿಂತರೆ ಬರೆದದ್ದೆಲ್ಲ ನೀರುಪಾಲು.

"ಪರೀಕ್ಷಾ ಮುಗಿಯೂದ್ರೊಳಗ ಇದು ಹಸಿರ ಆಗ್ಬೇಕು" ಎಂದರು ಕಾರ್ಯದರ್ಶಿ ಬುರ್ಹಾನುದ್ದೀನ್ ಸಾಹೇಬರು. "ಇಲ್ಲಾಂದ್ರ ಸೋಮವಾರದಿಂದ ಜಾಲಹಳ್ಳಿ ಸಾಲ್ಯಾಗ ಗಣಿತ ಹೇಳಾಕ ಹೋಗ್ರಿ."

"ಪರೀಕ್ಷಾ ಚಂದ ನಡದದ್ರಿ ಸಾಹೇಬ್ರ. ಕೆಂಪ ಬರೇ ಸುಳ್ಳು."

"ಸುಳ್ಳು ಹೇಳೋ ಬೋರ್ಡು ನನ್ನ ಗ್ವಾಡಿ ಮ್ಯಾಲೆ ಯಾಕ?"

ಸುಮಧ್ವನ ಹೆಂಡತಿ ಪೂರ್ಣಶ್ರೀಗೆ ರಾಯಚೂರಿನಲ್ಲಿ ಈಗಷ್ಟೇ ಕೆಲಸ ಸಿಕ್ಕಿತ್ತು. ದೇವದುರ್ಗ ದಾಟಿ ಜಾಲಹಳ್ಳಿಗೆ ಹೋಗಬೇಕಾದರೆ ಅವನಿಗೆ ದಿನಾ ಬಸ್ಸೇ ಗತಿ. ಹಳೆಯ ಪ್ರಶ್ನೆಯನ್ನು ಹೊಸ ರೀತಿಗೆ ತಿರುಗಿಸಿ ಕೊಡುವ ದುಭಾಷಿಯಂಥ ಪ್ರೋಗ್ರಾಮೊಂದನ್ನು ಬರೆದೇ ತೀರುತ್ತೇನೆಂದು ಪಟ್ಟು ಹಿಡಿದು ಕುಳಿತ.

ಕೂರಲು ಬಿಟ್ಟರೆ ತಾನೆ. ಜವಾನ ಗದ್ದೆಪ್ಪನಿಗೆ ಮಸರಕಲ್ಲಿನಲ್ಲಿ ಹೊಲ, ಪಂಪ್‌ಸೆಟ್ಟು ಇದ್ದವು. "ಸ್ಟಾರ್ಟರ್ ಹಿಡೀಲಿಲ್ಲಂದ್ರ ಮೊದ್ಲ ಕೆಂಪ ಗುಂಡಿ ಒತ್ತಬೇಕ್ರಿ, ಆಮ್ಯಾಲೆ ಹಸಿರ" ಎಂದವನೇ ಬೋರ್ಡಿನ ಮೌಸ್ ಹಿಡಿದು ಮೂರಕ್ಕೂ 'ಬಂದ್' ಒತ್ತಿದ, 'ಚಾಲೂ' ಒತ್ತಿದ. ಏನೂ ಆಗಲಿಲ್ಲ.

"ನೀ ಮೆತ್ತಗ ಒತ್ತೀದಿ, ಅತ್ತಾಗ ಸರಿ" ಎಂದು ಲೆಕ್ಕಪತ್ರದ ಅನ್ನಪೂರ್ಣ ಬಂದಳು. ಆಮೇಲೆ ದೊಡ್ಡವರ ಕೈಗುಣವಾದರೂ ಹತ್ತಲಿ ಎಂದು ಸಾಹೇಬರೇ ಬಂದರು. ಪ್ರತಿ ಸಲ ಒತ್ತಿದಾಗಲೂ "ಈಗ ನೋಡ್ರಿ ಸುಮಧ್ವ" ಎಂದು ಕರೆಯುವುದು.

ಸುಮಧ್ವನಿಗೆ ರೇಗಿತು. "ಆ ಗುಂಡಿ ಒತ್ತಿದ್ದು ಒಳಗ ಮುಟ್ಟಂಗೇ ಇಲ್ರಿ. ಎಷ್ಟರ ಒತ್ಕೋರಿ, ನನ್ನ ಮಾತ್ರ ಕರೀಬ್ಯಾಡ್ರಿ. ಕೆಂಪ ಕಂಡ್ರ ಅಂಜಬ್ಯಾಡ್ರಿ, ಏನೂ ಆಗಿರಂಗಿಲ್ಲ."

ಅಪ್ಪಣೆಯೇ ಸಿಕ್ಕ ಮೇಲೆ ಮೂವರೂ ಪಾಳಿ ಹಚ್ಚಿ ಒತ್ತತೊಡಗಿದರು. ಕರೆಯುವುದು ನಿಂತಿತು. ಸುಮಧ್ವನ ಮೊದಲ ಪ್ರಯತ್ನದಲ್ಲಿ ಮಾನ್ವಿ ದೇವದುರ್ಗವಾಗಿ ಕಾಣಿಸಿತು. ಎರಡನೆಯದರಲ್ಲಿ ರಾಯಚೂರೇ ಮಾಯ. ಊಟ ಬಿಟ್ಟ, ತರಿಸಿದ ಮಿರ್ಚಿ ಆರಿದವು, ಆದರೆ ಮನುಷ್ಯ ಕುರ್ಚಿ ಬಿಡಲಿಲ್ಲ. ಪರೀಕ್ಷೆ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಬೋರ್ಡು ಪೂರ್ತಿ ಹಸಿರಾಯಿತು.

"ಶಹಬ್ಬಾಸ್" ಎಂದು ಸಾಹೇಬರು ತಬ್ಬಿಕೊಂಡರು. "ಜಾಲಹಳ್ಳಿ ಕ್ಯಾನ್ಸಲ್. ಗದ್ದೆಪ್ಪ, ಚಾ ತಾ." ಸುಮಧ್ವನಿಗೆ ತನ್ನ ಮದುವೆಯಲ್ಲೂ ಇಷ್ಟು ಸಂತೋಷವಾಗಿರಲಿಲ್ಲ.

ಚಹಾ ಬರುವಷ್ಟರಲ್ಲಿ ಮಾನ್ವಿ ಕೆಂಪಾಯಿತು. ಹಿಂದೆಯೇ ದೇವದುರ್ಗ, ರಾಯಚೂರು. ಒಮ್ಮೆ ಹಸಿರಾಗಿ ಮತ್ತೆ ಕೆಂಪಾದವು. ಬೆಳಗಿನಿಂದ ಮೂವರು ಒತ್ತಿಯೂ ಒಳಗೆ ಮುಟ್ಟದ ಹುಕುಮುಗಳನ್ನು ಮ್ಯಾನೇಜರ್ ಒಂದನ್ನೂ ಎಸೆಯದೆ ಸಾಲಾಗಿ ಇಟ್ಟುಕೊಂಡಿತ್ತು. ಈಗ ಸುಮಧ್ವನ ದುಭಾಷಿ ಸಿಕ್ಕಿದ್ದರಿಂದ ಬಂದ್, ಚಾಲೂ, ಬಂದ್ ಎಂದು ನಿಯತ್ತಿನಿಂದ ಒಂದೊಂದನ್ನೇ ಮುಟ್ಟಿಸುತ್ತಿತ್ತು.

"ಸಾಹೇಬ್ರ, ಪರೀಕ್ಷಾ ನಿಂತದ್ರಿ" ಎಂದು ಸುಮಧ್ವ ಕುರ್ಚಿಯಿಂದ ಎದ್ದ. "ಈ ಸಲ ಖರೇನ ಬಂದ್ ಆಗ್ಯಾವ."

ಸಾಹೇಬರು ಚಹಾ ಊದಿಕೊಳ್ಳುತ್ತ ನಕ್ಕರು. "ಕುಂದರ್ರಿ. ಮುಂಜಾನಿಂದ ನಮಗ ಬುದ್ಧಿ ಹೇಳಿ, ಈಗ ನೀವ ಅಂಜಿದ್ರ ಹೆಂಗ?"

ಅಷ್ಟರಲ್ಲಿ ದೇವದುರ್ಗದ ಪ್ರಿನ್ಸಿಪಾಲರ ಫೋನು ಬಂತು. ಅತ್ತ ಹುಡುಗರ ಗದ್ದಲ ಈಚೆಗೂ ಕೇಳುತ್ತಿತ್ತು. ಸಾಹೇಬರು ಸಮಾಧಾನದಿಂದ ಆಲಿಸಿ, "ಏನೂ ಆಗಿಲ್ರಿ ಮೇಡಂ, ಅದು ಬರೇ ಸುಳ್ಳು. ನಮ್ಮ ಸುಮಧ್ವ ಎಲ್ಲಾ ಬಿಡಿಸಿ ಹೇಳ್ತಾರ" ಎಂದು ಫೋನನ್ನು ಅವನ ಕೈಗಿಟ್ಟರು.