ಎದೆಯ ಮೇಲಿನ ಉಬ್ಬು

ಲುರೇನ್‌ನ ಬೀಪರ್ ಕಾಣೆಯಾಗಿತ್ತು. ಹಿಮ ಕುಸಿದು ಮನುಷ್ಯ ಹೂತುಹೋದರೆ, ಅವನು ಎಲ್ಲಿದ್ದಾನೆಂದು ಮೇಲಿದ್ದವರಿಗೆ ತಿಳಿಸುವ ಅಂಗೈಯಗಲದ ಯಂತ್ರ ಅದು. ಅದಿಲ್ಲದೆ ನಮ್ಮೂರಲ್ಲಿ ಯಾರೂ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುವುದಿಲ್ಲ. ಹತ್ತಲು ಲುರೇನ್ ಬಿಡುವುದೂ ಇಲ್ಲ. ಹದಿನೆಂಟು ವರ್ಷದಿಂದ ಸ್ಕೀ ಸಂಘದ ಮುಂದಾಳು ಅವನೇ.

ಕಳೆದ ಭಾನುವಾರವಷ್ಟೇ ಬೇಕರಿಯ ಉರ್ಸಿನಾ ಬೀಪರನ್ನು ಎದೆಗೆ ಕಟ್ಟದೆ ಬೆನ್ನಚೀಲದಲ್ಲಿ ಹಾಕಿಕೊಂಡು ಬಂದಳೆಂದು ಎಲ್ಲರೆದುರು ವಾಪಸು ಕಳಿಸಿದ್ದ. "ಹಿಮ ಬಡಿದ್ರೆ ಚೀಲ ಒಂದು ಕಡೆ, ನೀನೊಂದು ಕಡೆ. ನಾವು ಚೀಲಾನ ಅಗೆದು ತೆಗೆದು ಅದಕ್ಕೆ ಉಸಿರು ಊದಬೇಕಾ?" ಎಂದು ಕೇಳಿದ್ದ. ಇಂದು ಸಂಜೆ ಸಂಘದ ಚುನಾವಣೆ. ಎದುರಾಳಿ ಅದೇ ಉರ್ಸಿನಾ.

ಹೆಂಡತಿ ಮದ್ಲೈನಾ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅವಳನ್ನು ಕೇಳಿದರೆ ಊಟದ ಹೊತ್ತಿಗೆ ಊರಿಗೆಲ್ಲ ಸುದ್ದಿ. ಲುರೇನ್ ಒಲೆಯ ಹಿಂದೆ, ಬೂಟಿನೊಳಗೆ, ಕೊನೆಗೆ ಮಲಗಿದ್ದ ಬೆಕ್ಕನ್ನು ಎತ್ತಿ ಅದರ ಅಡಿಯಲ್ಲೂ ಹುಡುಕಿದ. ಸಿಗಲಿಲ್ಲ. ಗಟ್ಟಿ ಚೀಸಿನ ತುಂಡೊಂದನ್ನು ಬೀಪರ್ ಇಡುವ ಎದೆಪಟ್ಟಿಯ ಜೇಬಿಗೆ ತುರುಕಿಕೊಂಡ. ನೋಡುವವರಿಗೆ ಉಬ್ಬು ಕಂಡರೆ ಸಾಕು. ಬೆಟ್ಟದ ಬುಡದಲ್ಲಿ ಹಿಮ ಪರೀಕ್ಷಿಸಿ, ಅಪಾಯ ಎಂದು ಎಲ್ಲರನ್ನೂ ಮನೆಗೆ ಅಟ್ಟಿದರಾಯಿತು. ಅವನ ಮಾತಿಗೆ ಎದುರಾಡುವವರು ಯಾರಿದ್ದಾರೆ?

ಆದರೆ ಹಾಳು ಹಿಮ ಎದುರಾಡಿತು. ಗುಂಡಿ ತೋಡಿ, ಹಿಮದ ಕಂಬ ಕತ್ತರಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟಿದ. ಒಳಗೆಲ್ಲಾದರೂ ದುರ್ಬಲ ಪದರವಿದ್ದರೆ ಹತ್ತು ಏಟಿಗೆ ಕಂಬ ಜಾರಬೇಕು. ಬೆರಳಿನಿಂದ ತಟ್ಟಿದ, ಮೊಣಕೈಯಿಂದ ತಟ್ಟಿದ, ಆಮೇಲೆ ಮುಷ್ಟಿ ಬಿಗಿದು ಗುದ್ದಿದ. ಮೂವತ್ತು ಏಟಾದರೂ ಅದು ಮಿಸುಕಲಿಲ್ಲ.

"ಇದರ ಮೇಲೆ ಚರ್ಚ್ ಕಟ್ಟಬಹುದು ಕಣಪ್ಪಾ," ಎಂದ ಮುದುಕ ಗಿಯೇರಿ. ಬೆಳಗಿನ ಹಿಮಕುಸಿತದ ವರದಿಯೂ ಅಪಾಯ ಕಡಿಮೆ ಎಂದೇ ಹೇಳಿತ್ತು. ಎಲ್ಲರೂ ಖುಷಿಯಿಂದ ಸ್ಕೀ ಬಿಗಿದುಕೊಳ್ಳತೊಡಗಿದರು.

ಹೊರಡುವ ಮುನ್ನ ಎಲ್ಲರ ಬೀಪರ್ ಪರೀಕ್ಷೆಯಾಗಬೇಕು. ಒಬ್ಬರು ತಮ್ಮ ಯಂತ್ರವನ್ನು ಹುಡುಕುವುದಕ್ಕೆ ತಿರುಗಿಸಿ ಹಿಡಿದರೆ, ಹತ್ತಿರ ಬಂದವರ ಬೀಪರ್ ಆನ್ ಇದ್ದಲ್ಲಿ ಅದು ಕೂಗುತ್ತದೆ. ಇಷ್ಟು ವರ್ಷ ಪರೀಕ್ಷಿಸಿದವನು ಲುರೇನ್. ಅವನನ್ನು ಪರೀಕ್ಷಿಸಿದವರು ಯಾರೂ ಇಲ್ಲ.

"ಇವತ್ತು ನಾನು ನೋಡ್ತೀನಿ," ಎಂದಳು ಉರ್ಸಿನಾ. "ಮೊದಲು ಮುಂದಾಳು ಬರಲಿ."

ಉಳಿದವರು ದೂರ ಸರಿದರು. ಸತ್ತೆ ಅಂದುಕೊಂಡು ಲುರೇನ್ ಒಂದು ಹೆಜ್ಜೆ ಮುಂದಿಟ್ಟ. ಉರ್ಸಿನಾಳ ಕೈಯಲ್ಲಿದ್ದ ಯಂತ್ರ ಕೂಗತೊಡಗಿತು. ಇನ್ನೊಂದು ಹೆಜ್ಜೆ. ಇನ್ನೂ ಜೋರಾಗಿ ಕೂಗಿತು.

ಚೀಸ್ ಯಾಕೆ ಕೂಗುತ್ತದೆಂದು ಅವನು ಕೇಳಲು ಹೋಗಲಿಲ್ಲ. ಹೋದ ಜೀವ ಬಂದಿತ್ತು. ಎದೆ ತಟ್ಟಿ ಗತ್ತಿನಿಂದ ಹೇಳಿದ: "ಕೇಳಿಸ್ತಾ? ಹದಿನೆಂಟು ವರ್ಷದಿಂದ ಇದೇ ಜಾಗದಲ್ಲಿದೆ."

ಉರ್ಸಿನಾ ಹುಬ್ಬು ಗಂಟಿಕ್ಕಿ ಅವನ ಸುತ್ತ ಒಂದು ಸುತ್ತು ಬಂದಳು. ಬೆನ್ನ ಹಿಂದೆ ಯಂತ್ರ ಕಿರುಚಿಕೊಂಡಿತು. ಅವನ ಚೀಲ ಬಿಚ್ಚಿದಳು. ಬ್ರೆಡ್ಡಿನ ಪೊಟ್ಟಣದ ಕೆಳಗೆ ಬೀಪರ್ ಬೆಚ್ಚಗೆ ಮಲಗಿತ್ತು. ಆಮೇಲೆ ಎದೆಪಟ್ಟಿಗೆ ಕೈಹಾಕಿ ಚೀಸ್ ಹೊರತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಲುರೇನ್," ಎಂದಳು ಮೆತ್ತಗೆ, "ನಾವು ಚೀಲಕ್ಕೆ ಉಸಿರು ಊದಬೇಕಾ?"

ಗಿಯೇರಿ ನಕ್ಕು ನಕ್ಕು ಹಿಮದಲ್ಲೇ ಕುಳಿತುಬಿಟ್ಟ. ಸಂಜೆಯ ಚುನಾವಣೆ ಅಲ್ಲೇ ಮುಗಿದಿತ್ತು. ಲುರೇನ್‌ನ ನಿಯಮದಂತೆ ಲುರೇನನ್ನೇ ವಾಪಸು ಕಳಿಸಿ, ತಂಡ ಉರ್ಸಿನಾಳ ಹಿಂದೆ ಬೆಟ್ಟ ಹತ್ತಿತು.

ಮನೆ ಬಾಗಿಲಲ್ಲಿ ಮದ್ಲೈನಾ ಹೆಮ್ಮೆಯಿಂದ ನಿಂತಿದ್ದಳು.

"ಬೀಪರ್ ಸಿಕ್ತಾ? ಎಲ್ಲಿ ಮರೆತುಬಿಡ್ತೀಯೋ ಅಂತ ಬೆಳಿಗ್ಗೆ ಎದ್ದವಳೇ ಆನ್ ಮಾಡಿ ಚೀಲಕ್ಕೆ ಹಾಕಿಟ್ಟೆ. ಅದಿರಲಿ, ಮಧ್ಯಾಹ್ನಕ್ಕೆ ಅಂತ ಇಟ್ಟಿದ್ದ ಚೀಸ್ ಕಾಣ್ತಿಲ್ಲವಲ್ಲ?"

ಲುರೇನ್ ಬೂಟು ಬಿಚ್ಚುತ್ತಾ ಬೆಟ್ಟದ ಕಡೆ ನೋಡಿದ.

"ಅದು ಉರ್ಸಿನಾ ಜೊತೆ ಮೇಲೆ ಹೋಗಿದೆ," ಎಂದ.